‘ಸಾಧ್ಯವಾದಷ್ಟು ಬೇಗ’ ಎಂದರೆ ಎಷ್ಟು ದಿನ?

ಕರಡಿನಲ್ಲಿ ಮೊದಲು ಇದ್ದದ್ದು ‘ಆರು ವಾರ’. ಸಂಸತ್ತು ಒಪ್ಪಿ ಕಳಿಸಿದ ಮಸೂದೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸಬೇಕೆಂದು ರಾಷ್ಟ್ರಪತಿಗೆ ಅನ್ನಿಸಿದರೆ, ಕೈಸೇರಿದ ಆರು ವಾರಗಳೊಳಗೆ ಆ ಕೆಲಸ ಮಾಡಬೇಕು ಎಂದು 1948ರ ಫೆಬ್ರುವರಿಯ ಕರಡು ಸಂವಿಧಾನ ಹೇಳಿತ್ತು. 1949ರ ಮೇ ತಿಂಗಳಲ್ಲಿ ಆ ವಿಧಿ ಸಂವಿಧಾನ ರಚನಾ ಸಭೆಯ ಮುಂದೆ ಬಂದಾಗ ಕರಡು ಸಮಿತಿಯ ಕಡೆಯಿಂದಲೇ ಒಂದು ತಿದ್ದುಪಡಿ ಬಂತು. ‘ಆರು ವಾರ’ ಹೋಗಿ ಅದರ ಜಾಗದಲ್ಲಿ ‘ಸಾಧ್ಯವಾದಷ್ಟು ಬೇಗ’ ಎಂಬ ಮಾತು ಕೂತಿತು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ನೌಕರಿಗೆ ರಾಜೀನಾಮೆ ಕೊಟ್ಟು ಚಳವಳಿಗೆ ಇಳಿದಿದ್ದ ಎಚ್.ವಿ. ಕಾಮತ್ ಈ ಬದಲಾವಣೆಯನ್ನು ವಿರೋಧಿಸಿದರು. ದಿನಗಳ ಲೆಕ್ಕ ಖಚಿತವಾಗಿರಲಿ ಎಂಬುದು ಅವರ ವಾದ. ಸಭೆ ಒಪ್ಪಲಿಲ್ಲ. ರಾಜ್ಯಪಾಲರ ಅಂಕಿತಕ್ಕೆ ಸಂಬಂಧಿಸಿದ 200ನೇ ವಿಧಿಗೂ ಮುಂದೆ ಅದೇ ಮಾತು ಬಂದು ಸೇರಿತು. ಮುಕ್ಕಾಲು ಶತಮಾನ ಕಳೆದ ಮೇಲೆ, ‘ಸಾಧ್ಯವಾದಷ್ಟು ಬೇಗ’ ಎಂದರೆ ಎಷ್ಟು ದಿನ ಎಂದು ರಾಜ್ಯ ಸರ್ಕಾರಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಕೇಳುತ್ತಿವೆ.

ಹೊಸದಾಗಿ ಸ್ವತಂತ್ರವಾದ ದೇಶವೊಂದಕ್ಕೆ ಆಡಳಿತ ವ್ಯವಸ್ಥೆ ಕಟ್ಟುವುದು ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಪ್ರಶ್ನೆಗಳು: ಸಂಸದೀಯ ಪದ್ಧತಿಯೋ ಅಧ್ಯಕ್ಷೀಯ ಪದ್ಧತಿಯೋ, ಒಕ್ಕೂಟವೋ ಏಕರಾಜ್ಯವೋ, ಸ್ವಂತದ್ದೋ ಎರವಲೋ. ನಮ್ಮ ಸಂವಿಧಾನದ ಬಗೆಗಿನ ಹೊಗಳಿಕೆ, ತೆಗಳಿಕೆ ಎರಡೂ ಬಹುಮಟ್ಟಿಗೆ ಇಲ್ಲೇ ಸುತ್ತುತ್ತವೆ. ವೀಣೆಯನ್ನೋ ಸಿತಾರನ್ನೋ ಕೇಳಬಯಸಿದ್ದ ನಮಗೆ ಇಂಗ್ಲಿಷ್ ಬ್ಯಾಂಡು ಕೇಳಿಸುತ್ತಿದೆ ಎಂದು ಮೈಸೂರಿನ ಕೆ. ಹನುಮಂತಯ್ಯ ಅದೇ ಸಭೆಯಲ್ಲಿ ಬೇಸರಪಟ್ಟದ್ದು ಪ್ರಸಿದ್ಧ. ಸಿಲೋನಿನ ಸಂವಿಧಾನ ರೂಪಿಸಲು ನೆರವಾಗಿದ್ದ ಐವರ್ ಜೆನ್ನಿಂಗ್ಸ್‌ ಅವರ ದೂರು ಬೇರೆ: ಭಾರತದ ಸಂವಿಧಾನ ವಿಪರೀತ ಉದ್ದ, ವಿಪರೀತ ಬಿಗಿ. ಎರಡು ಆಕ್ಷೇಪಗಳೂ ಗುರಿ ತಪ್ಪಿವೆ ಎನ್ನುವುದು ಈ ಲೇಖನದ ವಾದ. 395 ವಿಧಿ, 8 ಅನುಸೂಚಿಗಳ ಆ ಗ್ರಂಥ ಬರೆಯಬೇಕಾದ ಬಹುಪಾಲನ್ನು ಬರೆಯಿತು, ಬರೆದದ್ದು ಬಾಳಿತು. ಆದರೆ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಮೂರು ನಾಲ್ಕು ಸಂದುಗಳಲ್ಲಿ ಅದು ಲೇಖನಿ ಕೆಳಗಿಟ್ಟು, ಮುಂದಿನದನ್ನು ರೂಢಿ ನೋಡಿಕೊಳ್ಳುತ್ತದೆ ಎಂದು ನಂಬಿತು. ಗಣರಾಜ್ಯದ ಕಟ್ಟಡ ಬಿರುಕು ಬಿಟ್ಟದ್ದೆಲ್ಲ ಹೆಚ್ಚಾಗಿ ಆ ಸಂದುಗಳಲ್ಲೇ.

ಈ ವಾದಕ್ಕೆ ಅಳತೆಗೋಲನ್ನು ಹೊರಗಿನಿಂದ ತರಬೇಕಾಗಿಲ್ಲ. ಅದನ್ನು ಕೊಟ್ಟವರು ಸ್ವತಃ ಅಂಬೇಡ್ಕರ್. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಅವರು ಎರಡು ಮುಖ್ಯ ಮಾತು ಹೇಳಿದರು. ಮೊದಲನೆಯದು ಪದ್ಧತಿಯ ಆಯ್ಕೆಗೆ ಸಂಬಂಧಿಸಿದ್ದು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಬ್ರಿಟನ್ನಿನ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ಮಂತ್ರಿಗಳನ್ನು ಐದು ವರ್ಷಕ್ಕೊಮ್ಮೆ ಮತದಾರ ತೂಗಿ ನೋಡುವುದರ ಜೊತೆಗೆ ಸದನ ಪ್ರತಿದಿನ ತೂಗಿ ನೋಡಬೇಕು. ಆದ್ದರಿಂದ ಕರಡು ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ ಎಂದರು. ಎರಡನೆಯದು ಇನ್ನೂ ಆಳವಾದದ್ದು. ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದಲ್ಲೇ ಏಕೆ ತುಂಬಿದ್ದೀರಿ ಎಂಬ ಟೀಕೆಗೆ ಅವರ ಉತ್ತರ ಹೀಗಿತ್ತು: ಸಾಂವಿಧಾನಿಕ ನೈತಿಕತೆ ತಾನಾಗಿ ಹುಟ್ಟುವ ಗುಣವಲ್ಲ, ಬೆಳೆಸಬೇಕಾದದ್ದು, ನಮ್ಮ ಜನ ಇನ್ನೂ ಅದನ್ನು ಕಲಿಯಬೇಕಾಗಿದೆ, ಅಲ್ಲಿಯವರೆಗೆ ಆಡಳಿತದ ರೂಪವನ್ನು ಶಾಸಕಾಂಗದ ಮರ್ಜಿಗೆ ಬಿಡದೆ ಬರೆದಿಡುವುದೇ ಕ್ಷೇಮ. ಎಲ್ಲಿ ರೂಢಿ ಬೇರುಬಿಟ್ಟಿಲ್ಲವೋ ಅಲ್ಲಿ ಬರವಣಿಗೆ ಬೇಕು ಎಂಬುದು ಇದರ ಸಾರ. ಹೊಸ ದೇಶ ಕಟ್ಟುವ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಸೂತ್ರ ಸಿಗಲಾರದು. ಸೂತ್ರ ಹೇಳಿದವರೇ ಅದನ್ನು ಪೂರ್ತಿ ಪಾಲಿಸಿದರೇ ಎನ್ನುವುದು ಪ್ರಶ್ನೆ.

ಆರಿಸಿಕೊಂಡ ಪದ್ಧತಿಯಲ್ಲೇ ತೊಡಕಿತ್ತು. ಬ್ರಿಟನ್ನಿಗೆ ಒಂದೇ ಹೊತ್ತಗೆಯಲ್ಲಿ ಬರೆದಿಟ್ಟ ಸಂವಿಧಾನವಿಲ್ಲ. ರಾಜ ಮಸೂದೆಗೆ ಒಪ್ಪಿಗೆ ನಿರಾಕರಿಸುವುದಿಲ್ಲ, ಬಹುಮತ ಇರುವವರನ್ನೇ ಪ್ರಧಾನಿಯಾಗಿ ಕರೆಯುತ್ತಾನೆ, ಮಂತ್ರಿಗಳ ಸಲಹೆ ಮೀರುವುದಿಲ್ಲ ಎಂಬುದೆಲ್ಲ ಎರಡು ಮೂರು ಶತಮಾನಗಳ ಜಗಳ, ರಾಜಿಗಳಲ್ಲಿ ಪಳಗಿದ ರೂಢಿ. ಅಂಥ ಯಂತ್ರವನ್ನು ಬೇರೆ ನೆಲಕ್ಕೆ ತಂದಾಗ ಬಿಡಿಭಾಗಗಳು ಹಡಗಿನಲ್ಲಿ ಬರುತ್ತವೆ, ಪಳಗಿಕೆ ಬರುವುದಿಲ್ಲ. ಇದು ಆಗಲೇ ತಿಳಿದಿದ್ದ ಸಂಗತಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ನಮ್ಮ ಕರಾವಳಿ ಮೂಲದ ಬೆನೆಗಲ್ ನರಸಿಂಗರಾಯರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಬ್ರಿಟಿಷರಿಂದ ಬಿಡಿಸಿಕೊಂಡ ಐರ್ಲೆಂಡ್ ಸಹ ಸಂಸದೀಯ ಪದ್ಧತಿಯನ್ನೇ ಇಟ್ಟುಕೊಂಡಿತ್ತು. ಆದರೆ ಅದರ 1937ರ ಸಂವಿಧಾನ ಸಂದುಗಳಿಗೆ ಬೆಸುಗೆ ಹಾಕಿತ್ತು. ಪ್ರಧಾನಿಯನ್ನು ಮೊದಲು ಕೆಳಮನೆ ಹೆಸರಿಸಬೇಕು, ಆಮೇಲೆ ರಾಷ್ಟ್ರಾಧ್ಯಕ್ಷರು ನೇಮಿಸಬೇಕು. ಮಸೂದೆಗೆ ಸಾಮಾನ್ಯವಾಗಿ ಐದನೇ ದಿನಕ್ಕೆ ಮುಂಚೆಯೂ ಅಲ್ಲ, ಏಳನೇ ದಿನ ದಾಟಿಯೂ ಅಲ್ಲ ಎನ್ನುವಂತೆ ಸಹಿ ಬೀಳಬೇಕು. ಅನುಮಾನವಿದ್ದರೆ ಸುಪ್ರೀಂ ಕೋರ್ಟಿಗೆ ಕಳಿಸಬಹುದು, ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಜರ್ಮನಿಯೂ ನಮ್ಮ ಸಭೆ ಚರ್ಚಿಸುತ್ತಿದ್ದ 1949ರ ಮೇ ತಿಂಗಳಲ್ಲೇ ತನ್ನ ಮೂಲ ಶಾಸನ ಒಪ್ಪಿಕೊಂಡು, ಸರ್ಕಾರದ ಮುಖ್ಯಸ್ಥನನ್ನು ಸಂಸತ್ತೇ ಮತ ಹಾಕಿ ಆರಿಸಬೇಕು, ಬದಲಿ ಹೆಸರನ್ನು ಗೆಲ್ಲಿಸದೆ ಇದ್ದವನನ್ನು ಇಳಿಸುವಂತಿಲ್ಲ ಎಂದು ಬರೆದುಕೊಂಡಿತು. ನಾವು ಐರ್ಲೆಂಡಿನಿಂದ ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ತಂದೆವು. ಏಳು ದಿನದ ಗಡುವನ್ನು ಅಲ್ಲೇ ಬಿಟ್ಟು ಬಂದೆವು.

ಬರೆಯುವ ಯೋಚನೆಯೇ ಬಂದಿರಲಿಲ್ಲ ಎನ್ನುವಂತಿಲ್ಲ. ಕರಡಿನ ನಾಲ್ಕನೇ ಅನುಸೂಚಿಯಲ್ಲಿ ರಾಜ್ಯಪಾಲರಿಗೆ ಸೂಚನೆಗಳ ಪಟ್ಟಿಯೇ ಇತ್ತು. ಸದನದಲ್ಲಿ ಸ್ಥಿರ ಬಹುಮತ ಗಳಿಸುವ ಸಾಧ್ಯತೆ ಯಾರಿಗೆ ಹೆಚ್ಚೋ ಅವರ ಜೊತೆ ಸಮಾಲೋಚಿಸಿ ಮಂತ್ರಿಗಳನ್ನು ಆರಿಸಬೇಕು ಎಂದು ಅದು ಹೇಳಿತ್ತು. ರಾಷ್ಟ್ರಪತಿಗೂ ಅಂಥದೇ ಅನುಸೂಚಿ ಸೇರಿಸುವ ಆಲೋಚನೆಯಿತ್ತು. 1949ರ ಅಕ್ಟೋಬರ್‌ನಲ್ಲಿ, ಕೆಲಸ ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ, ಕರಡು ಸಮಿತಿಯ ಟಿ.ಟಿ. ಕೃಷ್ಣಮಾಚಾರಿ ಇವೆರಡನ್ನೂ ಕೈಬಿಡುವ ಪ್ರಸ್ತಾಪ ತಂದರು; ಇದಕ್ಕೆಲ್ಲ ರೂಢಿ ಸಾಕು ಎಂಬುದು ಕಾರಣ. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಗೆ ಬದ್ಧ ಎಂದು ಎಲ್ಲಿ ಬರೆದಿದೆ ಎಂದು ಸಭೆಯ ಅಧ್ಯಕ್ಷ ಪೀಠದಲ್ಲಿದ್ದ ಬಾಬು ರಾಜೇಂದ್ರ ಪ್ರಸಾದರೇ ಆ ವರ್ಷ ಕೇಳಿದ್ದರು. ಅದು ಸಂಸದೀಯ ಪದ್ಧತಿಯ ಗುಣದಲ್ಲೇ ಅಡಗಿದೆ ಎಂಬ ಧಾಟಿಯ ಸಮಾಧಾನ ಸಿಕ್ಕಿತು. ಹೀಗೆ 75 ಮತ್ತು 164ನೇ ವಿಧಿಗಳು ಇಂದಿಗೂ ಪ್ರಧಾನಿಯನ್ನು ರಾಷ್ಟ್ರಪತಿ, ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದು ಎನ್ನುತ್ತವೆಯೇ ಹೊರತು ಯಾರನ್ನು, ಯಾವ ಆಧಾರದ ಮೇಲೆ ಎಂದು ತುಟಿ ಬಿಚ್ಚುವುದಿಲ್ಲ.

ರಾಜ್ಯಪಾಲರ ಹುದ್ದೆಯ ಕಥೆ ಇನ್ನೂ ಕುತೂಹಲದ್ದು. ಸರ್ದಾರ್ ಪಟೇಲರ ಅಧ್ಯಕ್ಷತೆಯ ಪ್ರಾಂತೀಯ ಸಂವಿಧಾನ ಸಮಿತಿ 1947ರಲ್ಲಿ, ರಾಜ್ಯಪಾಲರನ್ನು ವಯಸ್ಕ ಮತದಾರರೇ ನೇರವಾಗಿ ಆರಿಸಬೇಕು ಎಂದು ಶಿಫಾರಸು ಮಾಡಿತ್ತು. ಕರಡಿನಲ್ಲಿ ಎರಡು ದಾರಿ ಇಟ್ಟರು: ನೇರ ಚುನಾವಣೆ, ಇಲ್ಲವೇ ಶಾಸಕಾಂಗ ಆರಿಸಿದ ನಾಲ್ಕು ಹೆಸರುಗಳಲ್ಲಿ ರಾಷ್ಟ್ರಪತಿ ಒಂದನ್ನು ಹೆಕ್ಕುವುದು. 1949ರ ಮೇ ಕೊನೆಗೆ ಸಭೆ ಎರಡನ್ನೂ ಬಿಟ್ಟು ಕೇಂದ್ರದ ನೇಮಕವನ್ನು ಒಪ್ಪಿತು. ಅದಕ್ಕೆ ಕಾರಣಗಳಿದ್ದವು. ಜನ ಆರಿಸಿದ ರಾಜ್ಯಪಾಲ, ಜನ ಆರಿಸಿದ ಮುಖ್ಯಮಂತ್ರಿ ಎದುರುಬದುರಾದರೆ ಒಂದೇ ಒರೆಯಲ್ಲಿ ಎರಡು ಕತ್ತಿ. ಪಕ್ಷಗಳ ಗದ್ದಲಕ್ಕೆ ಹೊರಗಿನವರಾದ, ರಾಜ್ಯ ಸರ್ಕಾರಕ್ಕೂ ಒಪ್ಪಿಗೆಯಾಗುವ ಗಣ್ಯರು ಬರಲಿ ಎಂದು ನೆಹರೂ ಬಯಸಿದರು. ಸ್ವಂತ ವಿವೇಚನೆಯಿಂದ ಮಾಡಬೇಕಾದ ಕೆಲಸವೇ ರಾಜ್ಯಪಾಲರಿಗೆ ಇಲ್ಲವೆಂದ ಮೇಲೆ ನೇಮಕ ಹೇಗಾದರೇನು ಎಂಬುದು ಅಂಬೇಡ್ಕರ್ ನಿಲುವು. ಚುನಾವಣೆ ಬಿಟ್ಟದ್ದು ಸರಿಯೇ ಇರಬಹುದು. ಆದರೆ ಅದರ ಬದಲಿಗೆ ಬಂದ ಎರಡು ಭರವಸೆಗಳು, ಅಂದರೆ ಮುಖ್ಯಮಂತ್ರಿಯ ಜೊತೆ ಸಮಾಲೋಚನೆ ಮತ್ತು ಪಕ್ಷದಿಂದ ದೂರ ಇರುವವರ ಆಯ್ಕೆ, ಭಾಷಣದಲ್ಲಿ ಉಳಿದವೇ ಹೊರತು ವಿಧಿಯೊಳಗೆ ಬರಲಿಲ್ಲ. ಭಾಷಣ ಮಾಡಿದವರು ಒಂದೊಂದಾಗಿ ಹೋದರು; ಉಳಿದದ್ದು ವಿಧಿ.

ಬರೆಯದೆ ಬಿಟ್ಟದ್ದು ಎಷ್ಟು ಬೇಗ ಕೈಕೊಡಬಹುದು ಎಂಬುದಕ್ಕೆ, ನಮ್ಮಂತೆಯೇ ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯ ಮೇಲೆ, 1947ರ ಅದೇ ಆಗಸ್ಟಿನಲ್ಲಿ ಆರಂಭಿಸಿದ ಪಾಕಿಸ್ತಾನವೇ ಸಾಕ್ಷಿ. ಅಲ್ಲಿ ಹೊಸ ಸಂವಿಧಾನ ತಡವಾದ್ದರಿಂದ ಗವರ್ನರ್ ಜನರಲ್ ಹುದ್ದೆ ರೂಢಿಯ ನಂಬಿಕೆಯ ಮೇಲೆ ಮುಂದುವರಿಯಿತು. 1953ರ ಏಪ್ರಿಲ್‌ನಲ್ಲಿ ಗವರ್ನರ್ ಜನರಲ್ ಗುಲಾಂ ಮೊಹಮ್ಮದ್, ಸದನ ಕೈಬಿಡದಿದ್ದ ಪ್ರಧಾನಿ ನಾಜಿಮುದ್ದೀನರನ್ನು ವಜಾ ಮಾಡಿದರು. ಮರುವರ್ಷದ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಸಭಾಧ್ಯಕ್ಷ ತಮೀಜುದ್ದೀನ್ ಖಾನ್ ಕೋರ್ಟಿಗೆ ಹೋದರು. ಸಿಂಧ್ ಚೀಫ್ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. 1955ರ ಮಾರ್ಚ್‌ನಲ್ಲಿ ಫೆಡರಲ್ ಕೋರ್ಟು ಅದನ್ನು ಉರುಳಿಸಿತು. ಅದು ಹಿಡಿದ ಎಳೆ ಯಾವುದೆಂದರೆ ಅಂಕಿತ. ಸಂವಿಧಾನ ಸಭೆಯಾಗಿ ಮಾಡಿದ ಕಾನೂನುಗಳಿಗೆ ಗವರ್ನರ್ ಜನರಲ್ ಒಪ್ಪಿಗೆ ಬೇಡ ಎಂದು ವರ್ಷಗಟ್ಟಲೆ ಎಲ್ಲರೂ ನಡೆದುಕೊಂಡಿದ್ದರು. ಅದು ಬರೀ ನಡವಳಿಕೆ, ಕಾನೂನಿನ ಪ್ರಕಾರ ಒಪ್ಪಿಗೆ ಬೇಕೇ ಬೇಕು, ಒಪ್ಪಿಗೆ ಇಲ್ಲದ್ದರಿಂದ ಸಿಂಧ್ ಕೋರ್ಟಿಗೆ ರಿಟ್ ಅಧಿಕಾರ ಕೊಟ್ಟ ತಿದ್ದುಪಡಿಯೇ ಅಸಿಂಧು ಎಂದಿತು ನ್ಯಾಯಾಲಯ. ಒಬ್ಬ ನ್ಯಾಯಮೂರ್ತಿ ಮಾತ್ರ ಭಿನ್ನಮತ ಬರೆದರು. ಏಳು ವರ್ಷದ ರೂಢಿ ಒಂದು ತೀರ್ಪಿನ ಭಾರಕ್ಕೆ ಮುರಿದುಬಿತ್ತು. ಮೂರೂವರೆ ವರ್ಷದಲ್ಲಿ ಅಲ್ಲಿ ಸೇನೆಯ ಆಳ್ವಿಕೆ ಬಂತು.

ನಮ್ಮಲ್ಲಿ ಹಾಗಾಗಲಿಲ್ಲವಲ್ಲ ಎಂದರೆ, ನಿಜ, ಆಗಲಿಲ್ಲ. ಏಕೆ ಆಗಲಿಲ್ಲ ಎಂದು ನೋಡಬೇಕು. 1951ರಲ್ಲಿ ಹಿಂದೂ ಕೋಡ್ ಮಸೂದೆಯ ವಿಷಯದಲ್ಲಿ ತಮ್ಮ ಸ್ವಂತ ವಿವೇಚನೆಯಂತೆ ನಡೆಯಬಯಸುವುದಾಗಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ನೆಹರೂಗೆ ಬರೆದರು. ನೆಹರೂ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರ ಅಭಿಪ್ರಾಯ ಕೇಳಿದರು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಗೆ ಬದ್ಧರು ಎಂದು ಇಬ್ಬರೂ ಹೇಳಿದರು. ಪ್ರಸಾದರು ಒಳಗೆ ಒಪ್ಪದಿದ್ದರೂ ಬಿಕ್ಕಟ್ಟು ಮಾಡಲಿಲ್ಲ. 1960ರಲ್ಲಿ ದೆಹಲಿಯ ಕಾನೂನು ಸಂಸ್ಥೆಯೊಂದರ ಸಮಾರಂಭದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿ, ಹಾಗೆಂದು ಸಂವಿಧಾನ ಸ್ಪಷ್ಟ ಮಾತಿನಲ್ಲಿ ಹೇಳಿಲ್ಲ ಎಂದರು, ಅಷ್ಟಕ್ಕೇ ನಿಂತರು. ರೂಢಿಯನ್ನು ಕಾಪಾಡಿದ್ದು ಚಳವಳಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಡೆದವರ ಪರಸ್ಪರ ಸಂಕೋಚ ಮತ್ತು ಕೇಂದ್ರದಲ್ಲೂ ರಾಜ್ಯಗಳಲ್ಲೂ ಒಂದೇ ಪಕ್ಷದ ಆಳ್ವಿಕೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಪಾಲು ಮಾಡಿಕೊಂಡಾಗ ಅವರ ಕಾಲಕ್ಕೆ ತಕರಾರು ಬರುವುದಿಲ್ಲ. ಬದು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತು. ಕೋರ್ಟಿಗೆ ಅಲೆಯುವವರು ಮೊಮ್ಮಕ್ಕಳು. ನಮ್ಮ ಗಣರಾಜ್ಯ ಮೊಮ್ಮಕ್ಕಳ ಕಾಲಕ್ಕೆ ಬರಲು ಬಹಳ ಹೊತ್ತು ಹಿಡಿಯಲಿಲ್ಲ.

1959ರ ಜುಲೈನಲ್ಲಿ ಕೇರಳದ ಇಎಂಎಸ್ ನಂಬೂದಿರಿಪಾಡ್ ಸರ್ಕಾರಕ್ಕೆ ಸದನದಲ್ಲಿ ಬಹುಮತ ಇರುವಾಗಲೇ, ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿ ಬಂದೆರಗಿತು. ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಎಂದು ಅಂಬೇಡ್ಕರ್ ಹಾರೈಸಿದ್ದ ವಿಧಿ ಅದು. 1977ರಲ್ಲಿ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ಸರ್ಕಾರಗಳನ್ನು ಮನೆಗೆ ಕಳಿಸಿತು. 1980ರಲ್ಲಿ ಕಾಂಗ್ರೆಸ್ ಒಂಬತ್ತನ್ನು ಕಳಿಸಿ ಲೆಕ್ಕ ಚುಕ್ತಾ ಮಾಡಿತು. ಬರೆಯದ ಸಂದನ್ನು ಹತ್ತಿರದಿಂದ ನೋಡಬೇಕೆಂದರೆ 1989ರ ಏಪ್ರಿಲ್‌ನ ಬೆಂಗಳೂರಿಗೆ ಹೋಗಬೇಕು. 17ರಂದು ಶಾಸಕರೊಬ್ಬರು ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ವಾಪಸು ಪಡೆದ 19 ಪತ್ರಗಳನ್ನು ರಾಜಭವನಕ್ಕೆ ತಲುಪಿಸಿದರು. 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ, ನಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದುಕೊಟ್ಟರು. ಅಧಿವೇಶನವನ್ನು ನಿಗದಿಗಿಂತ ಮುಂಚೆಯೇ ಕರೆದು ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರು ಮುಖ್ಯಮಂತ್ರಿ. ರಾಜ್ಯಪಾಲರು ಇನ್ನೊಂದು ವರದಿ ಕಳಿಸಿದರು; 21ಕ್ಕೆ ಸರ್ಕಾರ ವಜಾ ಆಯಿತು. ತಲೆ ಎಣಿಸಲು ವಿಧಾನಸೌಧವಿತ್ತು, ಎಣಿಕೆ ನಡೆದದ್ದು ರಾಜಭವನದ ಕಾಗದಗಳಲ್ಲಿ. ಬಹುಮತವನ್ನು ಪರೀಕ್ಷಿಸುವ ಜಾಗ ಸದನ ಎಂಬ ಸರಳ ಮಾತನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಬರೆದದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ದೇಶದಲ್ಲಿ 90ಕ್ಕೂ ಹೆಚ್ಚು ಬಾರಿ ರಾಷ್ಟ್ರಪತಿ ಆಳ್ವಿಕೆ ಬಂದುಹೋಗಿತ್ತು. ಆ ತೀರ್ಪು ಬಂದ ಮೇಲೆ 356ರ ಬಳಕೆ ಇಳಿಯಿತು. ಆಳುವವರ ಮನಸ್ಸು ಬದಲಾಯಿತು ಎನ್ನುವುದಕ್ಕಿಂತ, ಬಾಯಿಮಾತಾಗಿದ್ದ ನಿಯಮ ಅಕ್ಷರವಾಯಿತು ಎನ್ನುವುದೇ ಹೆಚ್ಚು ನಿಜ.

ಇನ್ನೊಂದು ಸಂದು, ಅತಂತ್ರ ಸದನದಲ್ಲಿ ಯಾರನ್ನು ಮೊದಲು ಕರೆಯಬೇಕು ಎಂಬುದು, ಈಗಲೂ ಬಾಯಿ ತೆರೆದೇ ಇದೆ. 2017ರಲ್ಲಿ ಗೋವಾ ಮತ್ತು ಮಣಿಪುರದಲ್ಲಿ ಅತಿ ದೊಡ್ಡ ಪಕ್ಷ ಕಾಂಗ್ರೆಸ್. ಚುನಾವಣೆಯ ನಂತರ ಕೂಡಿದ ಮೈತ್ರಿಕೂಟದ ಲೆಕ್ಕ ತೋರಿಸಿದ ಬಿಜೆಪಿಗೆ ಕರೆ ಹೋಯಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಚುನಾವಣೋತ್ತರ ಮೈತ್ರಿಯ ಲೆಕ್ಕ ತೋರಿಸಿದವರು ಕಾಂಗ್ರೆಸ್ ಮತ್ತು ಜೆಡಿಎಸ್. 104 ಸ್ಥಾನಗಳ ಅತಿ ದೊಡ್ಡ ಪಕ್ಷವೆಂದು ಬಿಜೆಪಿಗೆ ಕರೆ ಹೋಯಿತು, ಬಹುಮತ ತೋರಿಸಲು 15 ದಿನ ಸಿಕ್ಕಿತು. ಸುಪ್ರೀಂ ಕೋರ್ಟು ನಡುರಾತ್ರಿ ಬಾಗಿಲು ತೆರೆದು ವಿಚಾರಣೆ ನಡೆಸಿ, ಮೇ 19ಕ್ಕೇ ವಿಶ್ವಾಸಮತ ಎಂದಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಯಾವ ಪಕ್ಷಕ್ಕೆ ಲಾಭವಾಯಿತು ಎಂಬುದು ಇಲ್ಲಿ ಮುಖ್ಯವಲ್ಲ. ಜಾಗ ಬದಲಾದರೆ ಪಕ್ಷಗಳ ವಾದವೂ ಬದಲಾಗುತ್ತದೆ. ಒಂದಕ್ಕೊಂದು ವಿರುದ್ಧವಾದ ಎರಡು ನಿರ್ಧಾರಗಳನ್ನೂ ರೂಢಿಯ ಹೆಸರಿನಲ್ಲೇ ಸಮರ್ಥಿಸಬಹುದು ಎಂದಾದರೆ ಅಲ್ಲಿ ರೂಢಿಯೇ ಇಲ್ಲ ಎಂದರ್ಥ. ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗ 1988ರಲ್ಲೇ ಕರೆಯುವ ಸರದಿಯನ್ನು ಪಟ್ಟಿ ಮಾಡಿಕೊಟ್ಟಿತ್ತು. ಅದು ಶಿಫಾರಸು, ಬೇಕೆಂದವರು ಓದಬಹುದು.

ಬರೆದದ್ದಕ್ಕೂ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ಒಂದೇ ಹುದ್ದೆಯಲ್ಲಿ ಕಾಣಬೇಕೆಂದರೆ ಚುನಾವಣಾ ಆಯೋಗವನ್ನು ನೋಡಬೇಕು. ಎಲ್ಲ ವಯಸ್ಕರಿಗೂ ಮತ ಎಂದು 326ನೇ ವಿಧಿ ಅಳುಕಿಲ್ಲದೆ ಬರೆಯಿತು. 1951–52ರ ಮೊದಲ ಚುನಾವಣೆಯಲ್ಲೇ 17 ಕೋಟಿಗೂ ಹೆಚ್ಚು ಜನ ಮತದಾರರ ಪಟ್ಟಿಯಲ್ಲಿದ್ದರು. ಆ ಚುನಾವಣೆ ನಡೆಸುವ ಮುಖ್ಯ ಆಯುಕ್ತರನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ತೆಗೆಯುವ ಕಠಿಣ ಕ್ರಮದಲ್ಲೇ ಹೊರತು ತೆಗೆಯುವಂತಿಲ್ಲ ಎಂದು 324ನೇ ವಿಧಿ ಬರೆಯಿತು. ನಾಲ್ಕು ದಶಕದ ನಂತರ ಟಿ.ಎನ್. ಶೇಷನ್ ಎಲ್ಲ ಪಕ್ಷಗಳನ್ನೂ ಎದುರು ಹಾಕಿಕೊಂಡು ಕುರ್ಚಿಯಲ್ಲಿ ಉಳಿದದ್ದು ಆ ಸಾಲಿನ ಬಲದಿಂದ. ಆದರೆ ಹುದ್ದೆಯಿಂದ ಹೊರಗೆ ಹಾಕುವ ಬಾಗಿಲಿಗೆ ಬೀಗ ಹಾಕಿದವರು, ಒಳಗೆ ಕರೆತರುವ ಬಾಗಿಲನ್ನು ಹಾಗೇ ಬಿಟ್ಟರು. ನೇಮಕಕ್ಕೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತದ ಒಪ್ಪಿಗೆ ಬೇಕು ಎಂದು ಶಿಬ್ಬನ್‌ಲಾಲ್ ಸಕ್ಸೇನಾ 1949ರ ಜೂನ್‌ನಲ್ಲಿ ಕೇಳಿದ್ದರು. ಅಯೋಗ್ಯನೋ ಸರ್ಕಾರದ ಮುಷ್ಟಿಯಲ್ಲಿರುವವನೋ ನೇಮಕವಾದರೆ ಸೇವಾಭದ್ರತೆಯಿಂದ ಏನೂ ಪ್ರಯೋಜನವಿಲ್ಲ ಎಂಬ ಚಿಂತೆಯನ್ನು ಅಂಬೇಡ್ಕರ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕೊನೆಗೆ, ಸಂಸತ್ತು ಕಾನೂನು ಮಾಡಿದರೆ ಅದಕ್ಕೊಳಪಟ್ಟು ಎಂದು ಬರೆದು ಬಿಟ್ಟರು. ಆ ಕಾನೂನು ಬರಲು 2023ರ ಡಿಸೆಂಬರ್ ಆಗಬೇಕಾಯಿತು. ಅದೂ ಅದೇ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಪ್ರಧಾನಿ, ವಿರೋಧಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಇರುವ ಸಮಿತಿಯನ್ನು ತಾತ್ಕಾಲಿಕವಾಗಿ ಸೂಚಿಸಿದ ಮೇಲೆ. ಕಾನೂನು ಬಂದಾಗ ಮುಖ್ಯ ನ್ಯಾಯಮೂರ್ತಿಯ ಜಾಗಕ್ಕೆ ಒಬ್ಬ ಕೇಂದ್ರ ಸಚಿವರು ಬಂದಿದ್ದರು.

ಇದಕ್ಕೆ ಎದುರುವಾದ ಇಲ್ಲದಿಲ್ಲ. ಎಲ್ಲವನ್ನೂ ಬರೆದರೆ ವ್ಯವಸ್ಥೆ ಸೆಟೆದುಕೊಳ್ಳುತ್ತದೆ, ಕಾಣದ ಕಷ್ಟ ಬಂದಾಗ ಬಾಗಲಾರದೆ ಮುರಿಯುತ್ತದೆ ಎಂಬುದು ಮೊದಲನೆಯದು. ಇದಕ್ಕೆ ಒಳ್ಳೆಯ ಉದಾಹರಣೆಯೂ ಇದೆ. ಜನರ ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಅಂಚೆ ಕಾಯ್ದೆ ತಿದ್ದುಪಡಿ ಮಸೂದೆಯನ್ನು 1986ರಲ್ಲಿ ಸಂಸತ್ತು ಒಪ್ಪಿದಾಗ, ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಮಾಡಲಿಲ್ಲ, ಹಿಂದಿರುಗಿಸಲೂ ಇಲ್ಲ, ಸುಮ್ಮನೆ ಇಟ್ಟುಕೊಂಡರು. ಮುಂದೆ ಆ ಮಸೂದೆಯೇ ಬಿದ್ದುಹೋಯಿತು. ಅಂಕಿತಕ್ಕೆ ಖಚಿತ ಗಡುವು ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಯೋಚಿಸಿ ನೋಡಿ: ಅಂದು ನಾಗರಿಕರ ಪತ್ರ ಕಾಪಾಡಿದ ಅದೇ ಮೌನ, ಇಂದು ಚುನಾಯಿತ ವಿಧಾನಸಭೆಗಳ ಮಸೂದೆಗಳನ್ನು ವರ್ಷಗಟ್ಟಲೆ ಕೂರಿಸುತ್ತಿದೆ. ಆ ಮೌನ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಜೈಲ್ ಸಿಂಗ್ ಕಾರಣ ಬರೆದು ಮಸೂದೆಯನ್ನು ಹಿಂದಿರುಗಿಸಿದ್ದರೆ ದೇಶದಲ್ಲಿ ಚರ್ಚೆ ನಡೆಯುತ್ತಿತ್ತು, ಸಂಸತ್ತು ಬಹಿರಂಗವಾಗಿ ಎರಡನೇ ಬಾರಿ ಕೈ ಎತ್ತಬೇಕಾಗುತ್ತಿತ್ತು. ಹೊಣೆಗಾರಿಕೆಗಾಗಿ ಸ್ಥಿರತೆಯನ್ನು ಬಿಟ್ಟುಕೊಟ್ಟ ಪದ್ಧತಿಯಲ್ಲಿ, ಹೊಣೆಯಿಲ್ಲದ ಮೌನಕ್ಕೆ ಜಾಗ ಇರಬಾರದು. ಎಲ್ಲವನ್ನೂ ಬರೆಯಿರಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಅಧಿಕಾರ ಕೈ ಬದಲಿಸುವ ಸಂದುಗಳನ್ನು ಬರೆಯಿರಿ ಎಂಬುದಷ್ಟೇ ಬೇಡಿಕೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಬರೆದದ್ದೂ ಕಾಪಾಡಲಿಲ್ಲವಲ್ಲ, ತುರ್ತುಪರಿಸ್ಥಿತಿ ಬಂದದ್ದು ಸಂವಿಧಾನದ ವಿಧಿಯ ಮೂಲಕವೇ ಅಲ್ಲವೇ? ಹೌದು, 352ನೇ ವಿಧಿಯ ಮೂಲಕ. ಆದರೆ ಆ ವಿಧಿಯಲ್ಲಿದ್ದ ‘ಆಂತರಿಕ ಗೊಂದಲ’ ಎಂಬ ಮಾತು ಎಷ್ಟು ಸಡಿಲವಾಗಿತ್ತೆಂದರೆ ಅದರೊಳಗೆ ಏನನ್ನು ಬೇಕಾದರೂ ತುರುಕಬಹುದಿತ್ತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಮಂತ್ರಿಮಂಡಲ ಸೇರಿ ಒಪ್ಪಿದ್ದು ಮರುದಿನ ಬೆಳಗ್ಗೆ. ಮಂತ್ರಿಮಂಡಲ ಮೊದಲು ಕೂಡಬೇಕು ಎಂಬುದು ರೂಢಿಯಾಗಿತ್ತೇ ಹೊರತು 352ರಲ್ಲಿ ಇರಲಿಲ್ಲ. ಅದಾದ ಮೇಲೆ ದೇಶ ಹುಡುಕಿಕೊಂಡ ಮದ್ದು ಏನು? 1978ರ 44ನೇ ತಿದ್ದುಪಡಿ ‘ಆಂತರಿಕ ಗೊಂದಲ’ವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು, ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿ ಬರಬೇಕು ಎಂದು ಬರೆಯಿತು, ರಾಷ್ಟ್ರಪತಿ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ಎರಡನೇ ಬಾರಿ ಒಪ್ಪಲೇಬೇಕು ಎಂದು ಬರೆಯಿತು. ರಾಜೇಂದ್ರ ಪ್ರಸಾದರು 1949ರಲ್ಲಿ ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ಅಕ್ಷರದಲ್ಲಿ ಸಿಗಲು ಮೂವತ್ತು ವರ್ಷ, ಒಂದು ತುರ್ತುಪರಿಸ್ಥಿತಿ ಬೇಕಾಯಿತು.

ಅಂದಿನವರ ಕಷ್ಟ ಇಂದು ಕೂತು ಬರೆಯುವವರಿಗೆ ಹೇಗೆ ತಿಳಿದೀತು ಎಂಬುದು ಮೂರನೆಯ ಮಾತು, ಅದರಲ್ಲಿ ನ್ಯಾಯವಿದೆ. ದೇಶ ಒಡೆದು ಲಕ್ಷಾಂತರ ಜನ ನಿರಾಶ್ರಿತರಾಗಿದ್ದರು, ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ತೆಲಂಗಾಣದಲ್ಲಿ ಸಶಸ್ತ್ರ ಹೋರಾಟವಿತ್ತು, ನೂರಾರು ಸಂಸ್ಥಾನಗಳನ್ನು ಒಂದು ನಕ್ಷೆಗೆ ಹೊಲಿಯಬೇಕಿತ್ತು. ಕೇಂದ್ರದ ಕೈ ಸಡಿಲವಾಗಿರಲಿ ಎಂದು ಆ ಹೊತ್ತಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಆದರೆ ತಾತ್ಕಾಲಿಕ ಅಗತ್ಯಕ್ಕೆ ತಾತ್ಕಾಲಿಕವಾಗಿಯೇ ಬರೆಯುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಶಾಸನಸಭೆಗಳಲ್ಲಿ ಮೀಸಲಾತಿಗೆ 10 ವರ್ಷ, ಕೇಂದ್ರದಲ್ಲಿ ಇಂಗ್ಲಿಷಿಗೆ 15 ವರ್ಷ ಎಂದು ಗಡುವು ಹಾಕಿದರು. ಎರಡೂ ಮುಂದುವರಿದವು, ನಿಜ. ಆದರೆ ಪ್ರತಿಸಲವೂ ಸಂಸತ್ತಿನಲ್ಲಿ ಚರ್ಚೆಯಾಗಿ, ಮತ ಬಿದ್ದು ಮುಂದುವರಿದವು. ಗಡುವಿನ ಉಪಯೋಗವೇ ಅದು. ರಾಜ್ಯಪಾಲರ ವಿಷಯದಲ್ಲಿ ಅಂಥ ಗಡುವು ಹಾಕಲಿಲ್ಲ. ಸಂಸ್ಥಾನಗಳು ಹೋದವು, ತೆಲಂಗಾಣದ ಹೋರಾಟ ಮುಗಿಯಿತು, ಆ ಕಾಲದ ಸಡಿಲಿಕೆ ಮಾತ್ರ ಉಳಿಯಿತು.

ಇನ್ನು ಉಳಿದದ್ದು ಅಂಬೇಡ್ಕರ್ ಅವರದೇ ಹೆಸರಿನಲ್ಲಿ ಬರುವ ಆಕ್ಷೇಪ. 1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ, ಸಂವಿಧಾನ ಎಷ್ಟೇ ಒಳ್ಳೆಯದಿರಲಿ, ನಡೆಸುವವರು ಕೆಟ್ಟವರಾದರೆ ಅದು ಕೆಡುತ್ತದೆ ಎಂದು ಅವರು ಎಚ್ಚರಿಸಿದರು. ಹಾಗಿದ್ದರೆ ಬರವಣಿಗೆಯ ಗೊಡವೆ ಏಕೆ, ಒಳ್ಳೆಯವರನ್ನು ಆರಿಸಿದರೆ ಸಾಲದೇ ಎನ್ನುವವರಿದ್ದಾರೆ. ಈ ಮಾತನ್ನು ಮುಂಚಿನ ವರ್ಷದ ಮಾತಿನ ಜೊತೆಗಿಟ್ಟು ಓದಬೇಕು. ಸಾಂವಿಧಾನಿಕ ನೈತಿಕತೆ ಕಲಿತು ಬರಬೇಕಾದದ್ದು ಎಂದವರು, ಕಲಿಯುವವರೆಗೆ ಬರೆದಿಡೋಣ ಎಂದೂ ಹೇಳಿದ್ದರು. ಒಳ್ಳೆಯವರಿಗೆ ಬರೆದ ನಿಯಮದಿಂದ ನಷ್ಟವಿಲ್ಲ; ಕೆಟ್ಟವರಿಗೆ ಅದು ಕನಿಷ್ಠ ಪಕ್ಷ ತೊಡಕು. ಅದಕ್ಕೂ ಮಿಗಿಲಾಗಿ, ಬರೆದ ನಿಯಮವನ್ನು ಮುರಿದರೆ ಮುರಿದದ್ದು ಎಲ್ಲರಿಗೂ ಕಾಣುತ್ತದೆ. ಬರೆಯದ ನಿಯಮವನ್ನು ಮುರಿದವರು, ನಾನು ಬೇರೆ ರೂಢಿ ಪಾಲಿಸಿದೆ ಎನ್ನಬಹುದು. ರೂಢಿಯ ತವರಾದ ಬ್ರಿಟನ್ನೇ ಅತಂತ್ರ ಸಂಸತ್ತಿನ ಅನುಭವವಾದ ಮೇಲೆ, 2011ರಲ್ಲಿ, ಸರ್ಕಾರ ರಚನೆಯ ಪದ್ಧತಿಗಳನ್ನು ಒಂದು ಕೈಪಿಡಿಯಾಗಿ ಬರೆದಿಟ್ಟುಕೊಂಡಿತು.

ಈಗ ಚೆಂಡು ಎಲ್ಲಿದೆ ಎಂಬುದು ಸ್ಪಷ್ಟ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ರಾಜ್ಯಪಾಲರ ಅಂಕಿತಕ್ಕೆ ಗಡುವು ಹಾಕಿದರು. ರಾಷ್ಟ್ರಪತಿ ಕೇಳಿದ ಪ್ರಶ್ನೆಗಳಿಗೆ ನವೆಂಬರ್‌ನಲ್ಲಿ ಉತ್ತರಿಸಿದ ಐವರ ಪೀಠ, ಅನಿರ್ದಿಷ್ಟ ಕಾಲ ಮಸೂದೆ ಇಟ್ಟುಕೊಂಡು ಕೂರುವಂತಿಲ್ಲ, ಆದರೆ ಸಂವಿಧಾನದಲ್ಲಿ ಇಲ್ಲದ ದಿನಗಳ ಲೆಕ್ಕವನ್ನು ನ್ಯಾಯಾಲಯ ಬರೆದು ಸೇರಿಸಲಾಗದು ಎಂದಿತು. ಕೋರ್ಟು ಬರೆಯಬಾರದು ಎಂದರೆ ಸಂಸತ್ತು ಬರೆಯಬೇಕು. ಬರೆಯಬೇಕಾದದ್ದು ಬಹಳವೇನಿಲ್ಲ. 200ನೇ ವಿಧಿಗೆ ಒಂದು ಗಡುವು. ಕೇಂದ್ರ–ರಾಜ್ಯ ಸಂಬಂಧಗಳ ಕುರಿತ ಪೂಂಛಿ ಆಯೋಗ 2010ರಲ್ಲೇ ಆರು ತಿಂಗಳು ಎಂದಿತ್ತು, ಕರಡಿನ ಆರು ವಾರವಂತೂ ಇದ್ದೇ ಇದೆ. 164ನೇ ವಿಧಿಗೆ, ಮುಖ್ಯಮಂತ್ರಿಯನ್ನು ಸದನವೇ ಮತ ಹಾಕಿ ಹೆಸರಿಸಬೇಕು ಎಂಬ ಒಂದು ವಾಕ್ಯ. ರಾಜ್ಯಪಾಲರ ನೇಮಕಕ್ಕೆ ಮುಖ್ಯಮಂತ್ರಿಯ ಜೊತೆ ಸಮಾಲೋಚನೆ ಎಂಬ ಇನ್ನೊಂದು. ಚುನಾವಣಾ ಆಯುಕ್ತರ ಆಯ್ಕೆಯಲ್ಲಿ ಆಳುವ ಪಕ್ಷಕ್ಕೆ ಬಹುಮತ ಇರಬಾರದು ಎಂಬ ಮತ್ತೊಂದು. ಆಳುವ ಪಕ್ಷಕ್ಕೆ ಇವು ಎಂದೂ ರುಚಿಸುವುದಿಲ್ಲ. ವಿರೋಧಪಕ್ಷದಲ್ಲಿ ಇದ್ದಾಗ ಕೇಳಿದವರು ಗದ್ದುಗೆ ಏರಿದ ಮೇಲೆ ಮರೆಯುತ್ತಾರೆ. ಆದ್ದರಿಂದ ಕೇಳಬೇಕಾದವರು ಮತದಾರರೇ. ಮುಂದಿನ ಸಲ ನಿಮ್ಮ ಊರಿಗೆ ಮತ ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆಗೆ ಇದೊಂದನ್ನೂ ಕೇಳಿ: ನಾವು ಆರಿಸಿದ ಸಭೆ ಮಾಡಿದ ಕಾನೂನಿಗೆ ಎಷ್ಟು ದಿನದಲ್ಲಿ ಸಹಿ ಬೀಳಬೇಕು? ‘ಸಾಧ್ಯವಾದಷ್ಟು ಬೇಗ’ ಎಂಬ ಉತ್ತರವನ್ನು ಒಪ್ಪಬೇಡಿ. ದಿನಗಳ ಲೆಕ್ಕ ಕೇಳಿ.